ಹೊಳೆ ಇಲ್ದಿರೋ ನಮ್ಮೂರಿನ ಹೊಳೆ ಕಡೆ

ನಿಮಗೆ ಯಾರಾದ್ರೂ ಇಲ್ದೇ ಇರೋ ಹೊಳೆಗೆ ದಾರಿ ತೋರ್ಸವ್ರಾ? ನಿಜ ಹೇಳಿ. ಯಾವುದೋ ಊರಿಗೆ ಹೋಗಿ "ಇಂಥೋರ ಮನೆ ಎಲ್ಲಿ" ಅಂತ ಕೇಳಿ, ಅವ್ರು "ಸೀದಾ ಹೊಳೆ ಕಡೆ ಹೋಗಿ" ಅಂದು, ನೀವು ನಡ್ದು ನಡ್ದು, ಹೊಳೆ ಅತ್ಲಾಗಿರ್ಲಿ, ಒಂದು ಚರಂಡಿನೂ ಸಿಗ್ದೆ ಬೆವರು ಒರೆಸ್ಕಂಡು ವಾಪಸ್ ಬಂದಿದ್ದೀರಾ?

ನಂಗಾಗದೆ ಕಣ್ರೀ. ಅದೂ ಮದ್ವೆಯಾಗಿ ಬಂದ ಹೊಸದ್ರಲ್ಲಿ, ಕೈಯಲ್ಲಿ ಹಾಲಿನ ಕ್ಯಾನ್ ಹಿಡ್ಕಂಡು.

ನಾನು ಭೇರ್ಯ ಕಡೆಯೋಳು. ನಾಲೆ ನೀರಲ್ಲಿ ಬಿದ್ದು ಎದ್ದು ಬೆಳ್ದೋಳು. ಮನೆಯಿಂದ ಆಚೆ ಕಾಲಿಟ್ರೆ ಗದ್ದೆ, ಗದ್ದೆ ದಾಟಿದ್ರೆ ನಾಲೆ. ನನ್ನ ಕೊಟ್ಟಿದ್ದು ರಾವಂದೂರು ಹತ್ರ ಇರೋ ಒಂದು ಪುಟ್ಟ ಊರಿಗೆ. ಕೆಂಪು ಮಣ್ಣು, ರಾಗಿ ಹೊಲ, ಹೊಗೆಸೊಪ್ಪು, ಮನೆಗೊಂದು ಸೊಪ್ಪು ಬೇಯಿಸೋ ಬ್ಯಾರನ್ನು. ನೀರು ಅಂದ್ರೆ ಬೋರ್‌ವೆಲ್ ಅಷ್ಟೇ. ಬಂದ ವಾರದಲ್ಲೇ ನಮ್ಮತ್ತೆ ಕ್ಯಾನ್ ಕೈಗೆ ಕೊಟ್ಟು, "ಹೊಳೆ ಕಡೆ ಹೋಗಿ ಹಾಲು ಹಾಕ್ಬುಟ್ಟು ಬಾ ಕೂಸೇ" ಅಂದ್ರು. ನಂಗೋ ಖುಷಿ. ಅಬ್ಬ, ಇಲ್ಲೂ ಹೊಳೆ ಅದೆ! ಹೊರಟೆ. ಊರು ಮುಗೀತು, ಬ್ಯಾರನ್ ಮುಗುದ್ವು, ಹೊಲ ಮುಗೀತು. ಎದುರಿಗೆ ಕುರಿ ಕಾಯೋ ಒಬ್ಬಣ್ಣ ಸಿಕ್ದ.

"ಅಣ್ಣ, ಹೊಳೆ ಇನ್ನೆಷ್ಟು ದೂರ?"

ಅವನು ನನ್ನೂ ನೋಡ್ದ, ಕ್ಯಾನೂ ನೋಡ್ದ. "ಯಾವ ಹೊಳೆ ತಾಯಿ? ಕಾವೇರಿನಾ? ಅದಕ್ಕೆ ಬಸ್ಸಲ್ಲಿ ಹೋಗ್ಬೇಕು."

ವಾಪಸ್ ಬರೋ ಹೊತ್ಗೆ ಹಾಲು ಕೆಟ್ಟು ನೀರೂ ಗಸಿನೂ ಬೇರೆ ಬೇರೆ ಆಗಿತ್ತು. ಡೇರಿ ಎಲ್ಲಿತ್ತು ಅಂತೀರಾ? ನಮ್ಮನೆಯಿಂದ ಊರಿನ ಇನ್ನೊಂದು ತುದೀಲಿ. ಅದ್ರ ಮುಂದೆನೇ ಹಾದು ಹೋಗಿದ್ದೆ.

ವಿಷ್ಯ ಏನಂದ್ರೆ, ನಮ್ದು ಮುಳುಗಡೆಯೋರ ಊರು. ಕೋಟೆ ತಾಲೂಕಲ್ಲಿ ಕಬಿನಿಗೆ ಕಟ್ಟೆ ಕಟ್ಟಿದಾಗ ಇವ್ರ ಹಳೇ ಊರು ನೀರಿಗೆ ಹೋಯ್ತು. ಎಲ್ಲರ್ನೂ ಲಾರಿಗೆ ಹತ್ಸಿ ಇಲ್ಲಿಗೆ ತಂದು ಇಳ್ಸುದ್ರು. ಆಗ ಇಲ್ಲಿ ಬರೀ ಲಂಟಾನ ಪೊದೆ, ಮುಳ್ಳು, ಮೊಲ, ಹಾವು. ಜನ ಕೈಯಲ್ಲಿ ಬಾಗಿಲು ಚೌಕಟ್ಟು, ಹೆಂಚು, ಕೋಳಿ, ಮಕ್ಳು ಹಿಡ್ಕಂಡು ನಿಂತವ್ರೆ. ಆಗಿನ ಊರ ಯಜಮಾನ್ರು ಲಾರಿಯಿಂದ ಇಳುದ್ರು. ರಸ್ತೆಗೆ ಬೆನ್ನು ಹಾಕಿ, ಕೈಲಿದ್ದ ದೊಣ್ಣೆ ಮುಂದಕ್ಕೆ ಚಾಚಿ, "ಅತ್ಲಾಗೆ ಹೊಳೆ. ನಾವು ನಿಂತಿರೋದು ಕಾಡು ಕಡೆ. ಮಧ್ಯ ಊರು. ಅಲ್ಲಿ ಯಾರ ಪಕ್ಕ ಯಾರಿದ್ರೋ ಇಲ್ಲೂ ಅಂಗೇ ಕಟ್ಕಳಿ" ಅಂದ್ರಂತೆ.

ಒಬ್ಬ ಕೇಳಿದ್ನಂತೆ, "ಹೊಳೆ ಎಲ್ಲದೆ ಯಜಮಾನ್ರೇ?"

"ಅದೆ ಅಂದ್ಕಳಲಾ!"

ಅಷ್ಟೇ. ಅವತ್ತಿಂದ ಅದೆ ಅಂದ್ಕಂಡವ್ರೆ. ಹೊಳೆ ಕಡೆ ಅಂದ್ರೆ ಊರಿನ ಆ ತುದಿ. ಅಲ್ಲಿರೋ ಹಾಲಿನ ಡೇರಿ ಜಾಗಕ್ಕೆ ದೋಣಿಕಟ್ಟೆ ಅಂತಾರೆ, ದೋಣಿನ ಕಣ್ಣಲ್ಲೂ ನೋಡ್ದಿರೋ ಹುಡುಗ್ರೂ ಅಂಗೇ ಅಂತಾರೆ. ಕಾಡು ಕಡೆ ಅಂದ್ರೆ ನಮ್ಮನೆ ಇರೋ ತುದಿ. ಅಲ್ಲಿ ಕಾಡೂ ಇಲ್ಲ ಎಂಥದೂ ಇಲ್ಲ, ಟಾರ್ ರಸ್ತೆ, ಒಂದು ಬೇಕರಿ. ಪಾರ್ಸೆಲ್ ತರೋ ಹುಡುಗ ಫೋನ್ ಮಾಡಿ "ಸಾರ್ ಎಲ್ಲಿ ಬರ್ಲಿ" ಅಂದ್ರೆ ನಮ್ಮನೆಯವ್ರು "ಕಾಡೊಳಕ್ಕೆ ಬಾ" ಅಂತಾರೆ. ಅವನು ಫೋನ್ ಕಟ್ ಮಾಡ್ತಾನೆ.

ಊರೋರಿಗೆ ಇದೇ ದೊಡ್ಡ ಜಂಬ. ಹಾರನಹಳ್ಳಿ ಸಂತೇಲಿ ಯಾರಾದ್ರೂ ಕೇಳಿದ್ರೆ, "ನಮ್ಮ ಹಳೇ ಊರು ಎಂಗಿತ್ತೋ ಅಂಗೇ ಕಟ್ಟವ್ರೆ, ಒಂದು ಕಡ್ಡಿನೂ ಆಚೀಚೆ ಆಗಿಲ್ಲ" ಅಂತಾರೆ. ಸಾಮಾನಿನ ಜೊತೆಗೆ ಹಳೇ ಊರಿನ ಜಗಳಗಳ್ನೂ ಒಂದೂ ಬುಡದಂಗೆ ಲಾರಿಗೆ ಹಾಕ್ಕಂಡು ಬಂದವ್ರೆ, ಅದನ್ನ ಮಾತ್ರ ಹೇಳಲ್ಲ.

ಈಗ ನಮ್ಮತ್ತೆ ಜಗಳಕ್ಕೆ ಬತ್ತೀನಿ.

ನಮ್ಮೂರಲ್ಲಿ ಬೇಸ್ಗೇಲಿ ಮಾರಿಹಬ್ಬ. ಅಕ್ಕಿ ಹಿಟ್ಟು ಬೆಲ್ಲ ಕಲಸಿ ತಟ್ಟೆ ಮೇಲೆ ಗೋಪುರ ಥರ ತಂಬಿಟ್ಟು ಕಟ್ಟಿ, ಹೂವ ಸಿಕ್ಕಿಸಿ, ನೆತ್ತಿ ಮೇಲೆ ತುಪ್ಪದ ದೀಪ ಇಟ್ಟು, ಹೆಂಗಸ್ರು ತಲೆ ಮೇಲೆ ಹೊತ್ಕಂಡು ಸಾಲಾಗಿ ಮಾರಮ್ಮನ ಗುಡಿಗೆ ಹೋಗೋದು. ಈ ಸಾಲಲ್ಲಿ ಮೊದಲನೇ ತಟ್ಟೆ ಯಾರದು ಅನ್ನೋದಕ್ಕೆ ಒಂದು ಪದ್ಧತಿ ಅದೆ. ಊರಲ್ಲಿ ಬೆಳಗಿನ ಬಿಸ್ಲು ಮೊದ್ಲು ಯಾರ ಬಾಗ್ಲಿಗೆ ಬೀಳ್ತದೋ ಅವ್ರದು. ಅಂದ್ರೆ ಮೂಡ್ಲು ತುದಿ ಮನೆ.

ನಮ್ಮೂರಲ್ಲಿ ಸೂರ್ಯ ಹುಟ್ಟೋದು ಹೊಳೆ ಕಡೆ. ಆ ತುದಿ ಮನೆಯೋರೇ ಮೂಡ್ಲ ಮನೆ ದೊಡ್ಡವ್ವ. ನಾನು ಬಂದಾಗ್ಲಿಂದ ನೋಡ್ತಿದ್ದೀನಿ, ಮೊದಲನೇ ತಟ್ಟೆ ಅವ್ರದೇ. ನಮ್ಮನೆ ಸೂರ್ಯ ಮುಳುಗೋ ತುದೀಲಿ. ನಮ್ಮತ್ತೆ ಸಾಲಿನ ಕೊನೇಲಿ.

ಆದ್ರೆ ನಮ್ಮತ್ತೆ ಪ್ರತಿ ಹಬ್ಬಕ್ಕೂ ಒಂದೇ ಮಾತು. "ಹಳೇ ಊರಲ್ಲಿ ಮೊದಲನೇ ತಟ್ಟೆ ನಮ್ಮತ್ತೆದು. ಅಲ್ಲಿ ಸೂರ್ಯ ನಮ್ಮ ಬಾಗ್ಲಿಗೇ ಮೊದ್ಲು ಬತ್ತಿದ್ದ. ನಾನು ಹೊಸ ಹೆಣ್ಣು, ಮಗ್ಗುಲಲ್ಲೇ ನಡೀತಿದ್ದೆ. ಮುಂದಿನ ವರ್ಷ ನೀನೇ ಎತ್ಕ ಕೂಸೇ ಅಂದ್ರು. ಮುಂದಿನ ವರ್ಷಕ್ಕೆ ಊರೇ ಇಲ್ಲ."

ದೊಡ್ಡವ್ವ ಬುಡ್ತಾರಾ? "ಅಲ್ಲ ಅಕ್ಕಯ್ಯ, ನಿಮ್ದು ಅಲ್ಲೂ ಕಾಡು ಕಡೆ ಮನೆ, ಇಲ್ಲೂ ಕಾಡು ಕಡೆ ಮನೆ. ಇಲ್ಲಿ ಆ ಕಡೆ ಮುಳುಗೋ ಸೂರ್ಯ ಅಲ್ಲಿ ಎಂಗೆ ಹುಟ್ತಿದ್ದ? ಅಲ್ಲಿ ಬೇರೆ ಸೂರ್ಯ ಇದ್ನಾ?"

ಇಡೀ ಬೀದಿ ನಗೋದು. ನಮ್ಮತ್ತೆಗೆ ಸಾಕ್ಷಿ ಹೇಳೋರು ಯಾರೂ ಇಲ್ಲ. ದೊಡ್ಡವ್ವ ಈ ಊರಿಗೆ ಮದ್ವೆಯಾಗಿ ಬಂದೋರು, ಹಳೇ ಊರು ನೋಡೇ ಇಲ್ಲ. ಹಳೇ ಊರಲ್ಲಿ ತಟ್ಟೆ ಹೊತ್ತಿದ್ದ ಹೆಂಗಸ್ರೆಲ್ಲ ಹೋಗ್ಬುಟ್ರು. ಇಲ್ಲಿಗೆ ಬಂದು ಮನೆ ಹೊಲ ಅಂತ ಒದ್ದಾಡಿ, ಎಷ್ಟೋ ಕಾಲದ ಮೇಲೆ ಹಬ್ಬ ಮತ್ತೆ ಶುರು ಮಾಡಿದಾಗ, ಮೂಡ್ಲು ಮನೆ ಅಂತ ಯಾರೋ ಕೈ ತೋರ್ಸುದ್ರು, ಅದೇ ಆಗೋಯ್ತು. ಉಳ್ದಿರೋ ವಯಸ್ಸಾದ ಗಂಡಸ್ರನ್ನ ಕೇಳಿದ್ರೆ ಅವ್ರಿಗೆ ಹಬ್ಬದ ಬಾಡೂಟ ನೆನಪದೆ. ಯಾವ ವರ್ಷ ಯಾರ ಮನೆ ಹುಂಜ ಕುಯ್ದ್ರು ಅನ್ನೋದು ನೆನಪದೆ. ತಟ್ಟೆ ಯಾರು ಹೊತ್ತಿದ್ರು? "ಯಾರೋ ಹೆಂಗಸ್ರು ಕಣವ್ವ."

ಈ ಸಲ ಬೇಸ್ಗೆ ಜಾಸ್ತಿ. ಕಬಿನಿ ಹಿನ್ನೀರು ಇಳ್ದು ಹಳೇ ಊರಿನ ಕಲ್ಲುಗಳು ಕಾಣ್ತಾವೆ ಅಂತ ಸುದ್ದಿ ಬಂತು. ತಂದಿದ್ದು ಹುಣಸೂರಿನ ಪಾತ್ರೆ ಸಾಬ್ರು. ಅವ್ರು ಗೂಡ್ಸ್ ಗಾಡೀಲಿ ಸ್ಟೀಲು ಪ್ಲಾಸ್ಟಿಕ್ಕು ತುಂಬ್ಕಂಡು ಕೋಟೆವರೆಗೂ ತಿರುಗೋರು. ನಮ್ಮತ್ತೆ ಅಂಗೇ ಎದ್ದು ನಿಂತ್ರು. "ಸಾಬ್ರೇ, ನನ್ನ ಕರ್ಕೊಂಡು ಹೋಗಿ. ಈ ಮಂಡಿ ಇನ್ನೊಂದು ಹಬ್ಬಕ್ಕೆ ಬಗ್ತದೋ ಇಲ್ವೋ. ಒಂದ್ಸಲ ನೋಡ್ಬುಟ್ಟು ಬತ್ತೀನಿ."

ಸುದ್ದಿ ಆ ತುದಿಗೆ ಮುಟ್ಟೋಕೆ ಎಷ್ಟೊತ್ತು? ಬೆಳಿಗ್ಗೆ ಗಾಡಿ ಹತ್ರ ಹೋದ್ರೆ ದೊಡ್ಡವ್ವ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸ್ಕಂಡು ಮುಂದಿನ ಸೀಟಲ್ಲಿ ಕೂತವ್ರೆ. "ನಾನೂ ಬತ್ತೀನಿ. ನೀವು ಬಂದು ಏನು ಬೇಕಾದ್ರೂ ಹೇಳ್ಬಹುದಲ್ಲ."

"ಇಳಿಯಮ್ಮಿ, ಗಾಡಿ ಹೇಳಿದ್ದು ನಾನು."

"ಗಾಡಿ ಸಾಬ್ರುದು."

ಸಾಬ್ರು ತಲೆ ಮೇಲೆ ಕೈ ಇಟ್ಕಂಡ್ರು. "ಅರೇ ಅಮ್ಮಾ, ಇಬ್ರೂ ಮುಂದೇನೇ ಕೂತ್ಕಳಿ. ನಾನು ಹಿಂದೆ ಪಾತ್ರೆ ಜೊತೆ ಕೂತ್ಕತೀನಿ, ನೀವೇ ಓಡ್ಸಿ." ಕೊನೆಗೆ ಇಬ್ರೂ ಒಬ್ಬರಿಗೊಬ್ರು ಅಂಟ್ಕಂಡು ಮುಂದೆ ಕೂತ್ರು, ನಾನು ಹಿಂದೆ ಕುಕ್ಕರ್ ಡಬ್ಬಗಳ ಮಧ್ಯ. ಹುಣಸೂರು ದಾಟಿ ಕೋಟೆ ಮುಟ್ಟೋವರ್ಗೂ ಮುಂದೆ ಒಂದು ಮಾತಿಲ್ಲ. ಸಾಬ್ರು ಆಮೇಲೆ ಹೇಳಿದ್ರು, ಅವ್ರ ಜೀವನದಲ್ಲೇ ಅಷ್ಟು ಜೋರಾದ ಸೈಲೆಂಟು ಕೇಳಿರ್ಲಿಲ್ವಂತೆ.

ಕೋಟೇಲಿ ಸಾಬ್ರು ಅಂಗಡಿಗಳಿಗೆ ಸಾಮಾನು ಹಾಕಿ, ನಾವು ಊಟ ಮಾಡಿ, ಹಿನ್ನೀರಿನ ಹತ್ರ ಹೋಗೋ ಹೊತ್ಗೆ ಬಿಸ್ಲು ವಾಲಿತ್ತು. ನೀರು ದೂರಕ್ಕೆ ಸರ್ದಿತ್ತು. ಬಿರುಕು ಬಿಟ್ಟ ಕೆಸರು, ಅದ್ರ ಮೇಲೆ ಹಸ್ರು ಹುಲ್ಲು, ಹುಲ್ಲಲ್ಲಿ ಯಾರದೋ ದನ. ನಾನು ದೊಡ್ಡದಾಗಿ ಏನೋ ಕಾಣ್ತದೆ ಅಂದ್ಕಂಡಿದ್ದೆ. ಕಂಡಿದ್ದು ಸಾಲು ಸಾಲು ಕಲ್ಲು. ಮನೆ ಪಾಯ. ಅಷ್ಟೇ.

ನಮ್ಮತ್ತೆ ಮಾತ್ರ ಚಪ್ಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ನಮ್ಮೆಲ್ಲರ್ನೂ ಬುಟ್ಟು ಹೊರಟ್ರು. ಮನೇಲಿ ಬಚ್ಚಲಿಗೆ ಹೋಗಕ್ಕೂ ಗೋಡೆ ಹಿಡ್ಕಳೋರು, ಅಲ್ಲಿ ದಾಪುಗಾಲು. "ಇದು ಗುಡಿ ಜಗಲಿ. ಇದು ಯಜಮಾನ್ರ ಮನೆ. ಇಲ್ಲಿ ಹುಣಸೇಮರ." ದೊಡ್ಡವ್ವ ಹಿಂದಿಂದ, "ಯಾವ ಕಲ್ಲಿಗೆ ಯಾರ ಹೆಸ್ರು ಬೇಕಾದ್ರೂ ಇಡ್ಬಹುದು ಬುಡು" ಅಂತ ಗೊಣಗ್ತಾ ಬತ್ತಾವ್ರೆ.

ಒಂದು ಕಡೆ ನಮ್ಮತ್ತೆ ನಿಂತ್ರು. ಕಾಲಲ್ಲಿ ಕೆಸರು ಕೆದುಕುದ್ರು. ಆಮೇಲೆ ಕೂತು ಕೈಯಲ್ಲೇ ತೆಗುದ್ರು. ನೆಲದಲ್ಲಿ ಹೂತಿದ್ದ ಒಂದು ಒರಳು. ಅದ್ರ ಪಕ್ಕದಲ್ಲೇ ಇನ್ನೊಂದು ಒರಳು.

ಇದ್ರ ಕಥೆ ಊರಿಗೆಲ್ಲ ಗೊತ್ತು. ನಮ್ಮನೆಗೆ ಎರಡೊರಳಿನ ಮನೆ ಅಂತಲೇ ಹೆಸ್ರು. ಯಾವುದೋ ಕಾಲದಲ್ಲಿ ಇಬ್ರು ವಾರಗಿತ್ತೀರು ಒಂದು ಒರಳಲ್ಲಿ ರುಬ್ಬಕ್ಕೆ ಆಗ್ದೆ, ಒಂದೇ ಅಡಿಗೆಮನೇಲಿ ಪಕ್ಕ ಪಕ್ಕ ಎರಡು ಒರಳು ಹೂಳ್ಸಿದ್ರಂತೆ. ಬರೋವಾಗ ಕೀಳಕ್ಕಾಗ್ದೆ ಅಲ್ಲೇ ಬುಟ್ಟು ಬಂದ್ರು. ದೊಡ್ಡವ್ವನೂ ನಮ್ಮನ್ನ ಬೈಯೋವಾಗ "ಎರಡೊರಳಿನ ಮನೆ ಬುದ್ಧಿ" ಅಂತಲೇ ಬೈಯೋದು. ಈಗ ಅವೆರಡೂ ಅವ್ರ ಕಾಲ ಕೆಳಗೇ ಅವೆ. ಅಲ್ಲ ಅನ್ನಕ್ಕಾಗಲ್ಲ.

"ಸರಿ, ನಿಮ್ಮನೆನೇ" ಅಂದ್ರು ದೊಡ್ಡವ್ವ. "ಕಾಡು ಕಡೆ ತುದಿ ಮನೆ. ನಾನೂ ಅದನ್ನೇ ಹೇಳಿದ್ದು. ಸೂರ್ಯ ಮುಳುಗೋ ಕಡೆ."

ನಾನು ಸುಮ್ನೆ ತಲೆ ಎತ್ತಿ ನೋಡ್ದೆ. ಕಣ್ಣಿಗೆ ಬಿಸ್ಲು ಚುಚ್ತಾ ಇತ್ತು. ಕೈ ಅಡ್ಡ ಹಿಡ್ದೆ. ಆಗ ಹೊಳೀತು ನೋಡಿ.

"ದೊಡ್ಡವ್ವ, ಸೂರ್ಯ ಎಲ್ಲವ್ನೆ ನೋಡಿ."

ಸೂರ್ಯ ನೀರಿನ ಮೇಲಿದ್ದ. ಹೊಳೆ ಕಡೆ. ಅತ್ಲಾಗೇ ಇಳೀತಾ ಇದ್ದ. ಕಾಡು ನಮ್ಮ ಬೆನ್ನಿಗಿತ್ತು, ನಮ್ಮ ನೆರಳೆಲ್ಲ ಕಾಡಿನ ಕಡೆಗೇ ಬಿದ್ದಿತ್ತು. ನಮ್ಮೂರಲ್ಲಿ ಸೂರ್ಯ ಹೊಳೆ ಕಡೆ ಹುಟ್ತಾನೆ. ಇಲ್ಲಿ ಹೊಳೆ ಕಡೆ ಮುಳುಗ್ತಾ ಅವ್ನೆ! ಅಂದ್ರೆ ಈ ಎರಡೊರಳಿನ ಮನೆ ಮೂಡ್ಲು ತುದಿ. ಬೆಳಗಿನ ಬಿಸ್ಲು ಮೊದ್ಲು ಬೀಳ್ತಿದ್ದಿದ್ದು ಇದ್ರ ಬಾಗ್ಲಿಗೇ.

ಆ ಯಜಮಾನ್ರು ಅವತ್ತು ಮಾಡಿದ್ದು ಇಷ್ಟೇ ಕಣ್ರೀ. ಹಳೇ ಊರಿಗೆ ರಸ್ತೆ ಕಾಡು ಕಡೆಯಿಂದ ಬತ್ತಿತ್ತು. ಊರಿಗೆ ಬಂದ್ರೆ ಎದುರಿಗೆ ಹೊಳೆ. ಹೊಸ ಜಾಗದಲ್ಲೂ ಲಾರಿ ಇಳಿದ ರಸ್ತೆಗೆ ಬೆನ್ನು ಹಾಕಿ ಎದುರಿಗೆ ಹೊಳೆ ಅಂದ್ರು. ಆದ್ರೆ ಇಲ್ಲಿ ರಸ್ತೆ ಇರೋದು ಪಡುವಲ ಕಡೆ. ಒಂದು ಕಡ್ಡಿನೂ ಆಚೀಚೆ ಆಗ್ದಂಗೆ, ಇಡೀ ಊರನ್ನ ತಿರುವಿ ಕೂರ್ಸವ್ರೆ!

ಸಾಬ್ರು ಹೊಟ್ಟೆ ಹಿಡ್ಕಂಡು ನಗಕ್ಕೆ ಶುರು ಮಾಡಿದ್ರು. "ಯಾ ಅಲ್ಲಾ, ಊರಿಗೂರೇ ಉಲ್ಟಾ!"

ನಮ್ಮತ್ತೆ ನಗ್ಲಿಲ್ಲ. ಒರಳ ಮೇಲೆ ಕೈ ಇಟ್ಕಂಡು, "ಬೇರೆ ಸೂರ್ಯ ಅಲ್ಲ ಕಣಮ್ಮಿ. ಅವನೇ" ಅಂದ್ರು.

ದೊಡ್ಡವ್ವ ಸುತ್ತ ಇದ್ದ ಕಲ್ಲುಗಳ್ನೆಲ್ಲ ಒಂದ್ಸಲ ನೋಡಿದ್ರು. ಆಮೇಲೆ, ಯಾವತ್ತೂ ಕೇಳದಷ್ಟು ಮೆತ್ತಗೆ, "ಅಂಗಾದ್ರೆ ನಮ್ಮನೆ ಎಲ್ಲಿ ಅಕ್ಕಯ್ಯ?" ಅಂದ್ರು.

ನಮ್ಮತ್ತೆ ನೀರಿನ ಕಡೆ ಕೈ ತೋರ್ಸುದ್ರು. ದೂರದಲ್ಲಿ ನೀರೊಳಗಿಂದ ಒಂದು ಒಣ ಮರದ ಮೋಟು ಎದ್ದಿತ್ತು, ಅದ್ರ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡ್ಕಂಡು ಕೂತಿತ್ತು. "ಅಲ್ಲಿ. ಆ ಹಕ್ಕಿ ಕೂತದಲ್ಲ, ಅದ್ರಿಂದ ಈಚೆ. ನಿಮ್ಮತ್ತೆ ಬಾಗ್ಲಲ್ಲಿ ಕೂತ್ಕಂಡು ಮೀನು ಕುಯ್ತಿದ್ರು. ಎಷ್ಟು ನೀರು ಇಳುದ್ರೂ ಅದು ಕಾಣಲ್ಲ."

ದೊಡ್ಡವ್ವ ಆ ಹಕ್ಕಿನೇ ನೋಡ್ತಾ ನಿಂತ್ರು. ಸಾಬ್ರು "ಅಮ್ಮಾ, ಆನೆ ನೀರಿಗೆ ಬರೋ ಟೈಮು, ಜಗಳ ಗಾಡೀಲಿ ಮುಂದುವರ್ಸಿ" ಅಂತ ಹೊರಡ್ಸೋವರ್ಗೂ ಅಲ್ಲಾಡ್ಲಿಲ್ಲ.

ಊರಿಗೆ ಬಂದ್ಮೇಲೆ ಗುಡಿ ಜಗಲೀಲಿ ಪಂಚಾಯ್ತಿ. ಈಗಿನ ಯಜಮಾನ ಅವತ್ತಿನ ಯಜಮಾನ್ರ ಮೊಮ್ಮಗ. ಅವನಿಗೆ ಉರಿ. "ನಮ್ಮ ತಾತಂಗೆ ದಿಕ್ಕು ಗೊತ್ತಿರ್ಲಿಲ್ಲ ಅಂತೀರಾ?"

"ಗೊತ್ತಿತ್ತು ಬುಡು, ಉಲ್ಟಾ ಗೊತ್ತಿತ್ತು" ಅಂದ ಯಾರೋ ಒಬ್ಬ.

"ಈಗೇನು, ಊರು ತಿರುಗುಸ್ಬೇಕಾ?"

"ಜೆಸಿಬಿ ತರ್ಸನ."

ಎಲ್ಲ ನಗ್ತಾ ಇರೋವಾಗ ದೊಡ್ಡವ್ವ ಎದ್ದು ನಿಂತ್ರು. "ಅಲ್ಲಿ ಮೂಡ್ಲ ಮನೆ ಅವ್ಳದೇ. ಒಪ್ಕತೀನಿ, ಕಣ್ಣಾರೆ ನೋಡಿದ್ದೀನಿ. ಆದ್ರೆ ಪದ್ಧತಿ ಏನು? ಬಿಸ್ಲು ಮೊದ್ಲು ಬೀಳೋ ಬಾಗ್ಲು. ಇವತ್ತು ಬೆಳಿಗ್ಗೆ ಬಿಸ್ಲು ಯಾರ ಬಾಗ್ಲಿಗೆ ಬಂತು? ಅವ್ಳ ಬಾಗ್ಲಿಗಾ?"

ಸತ್ಯವಾಗ್ಲೂ ಹೇಳ್ತೀನಿ, ಆಯಮ್ಮ ಹೇಳಿದ್ದೂ ಸರಿನೇ. ಯಜಮಾನ ಅಂಗೂ ಇಂಗೂ ನೋಡಿ, ಹಬ್ಬದ ಹೊತ್ಗೆ ನೋಡನ ಅಂತ ಎದ್ದು ಹೋದ. ನಮ್ಮತ್ತೆ ಮನೆಗೆ ಬಂದು ಮಂಡಿಗೆ ಎಣ್ಣೆ ಹಚ್ಕಂಡು ಗೋಡೆ ಕಡೆ ಮುಖ ಮಾಡಿ ಕೂತ್ರು. ಗೆದ್ದು ಸೋತಂಗಾಗಿತ್ತು ಅವ್ರಿಗೆ.

ಮಾರನೇ ದಿನ ನೀರಿಗೆ ಹೋದಾಗ ದೊಡ್ಡವ್ವ ನನ್ನ ಬಿಂದಿಗೆ ಪಕ್ಕಕ್ಕೆ ಸರ್ಸಿ ಅವ್ರದು ಇಟ್ರು. ಕೊಳಾಯಿ ಕಡೆನೇ ನೋಡ್ತಾ ಹೇಳಿದ್ರು. "ನಿಮ್ಮತ್ತೆಗೆ ಹೇಳು. ಪದ್ಧತಿ ಮುರಿಯಕ್ಕೆ ನಾನು ಬುಡಲ್ಲ. ಮೊದಲನೇ ತಟ್ಟೆ ನಮ್ಮ ಬಾಗ್ಲಿಂದಲೇ ಹೊರಡ್ಬೇಕು. ಬೇಕಾದ್ರೆ ಅವ್ಳೇ ಬಂದು ನನ್ನ ಜಗಲಿಯಿಂದ ಎತ್ಕಂಡು ಹೋಗ್ಲಿ." ಬಿಂದಿಗೆ ತುಂಬಿ ಚೆಲ್ತಾ ಇತ್ತು, ಅವ್ರು ನೋಡ್ಲಿಲ್ಲ. "ಅವ್ಳಿಗೆ ಒರಳಾದ್ರೂ ಸಿಕ್ತು."

ನಮ್ಮತ್ತೆಗೆ ಬಂದು ಹೇಳ್ದೆ. ಕೆರಳುದ್ರು ನೋಡಿ! ಯಾವುದೋ ಹಬ್ಬದ ಜಗಳದಲ್ಲಿ ದೊಡ್ಡವ್ವಂಗೆ "ನಿನ್ನ ಜಗಲಿ ಮೆಟ್ಟಿದ್ರೆ ಕೇಳು" ಅಂದಿದ್ರು. ಅವತ್ತಿಂದ ಆ ಮನೆ ಮದ್ವೆಗೂ ಹೋಗಿಲ್ಲ, ಬಾಣಂತಿ ನೋಡಕ್ಕೂ ಹೋಗಿಲ್ಲ. "ಅವ್ಳ ಜಗಲಿ ಹತ್ತಿ ನಾನು ತಟ್ಟೆ ಇಸ್ಕಬೇಕಾ? ಕೊನೇಲೇ ಇರ್ತೀನಿ ಹೋಗು!" ಅಂದ್ರು. ಕೋಳಿಗೆ ಬೈದ್ರು, ನಮ್ಮನೆಯವ್ರಿಗೆ ಬೈದ್ರು, ಟಿವಿಗೂ ಬೈದ್ರು. ದಿನ ಕಳೀತು. ಹಬ್ಬದ ಹಿಂದಿನ ದಿನ ಬಾಗ್ಲಲ್ಲಿ ಕೂತು ಸೂರ್ಯ ಮುಳುಗೋದನ್ನೇ ನೋಡ್ತಿದ್ದೋರು, ತಿರುಗ್ದೆನೇ ಅಂದ್ರು:

"ಅಕ್ಕಿ ನೆನೆ ಹಾಕು. ಜಾಸ್ತಿ ಹಾಕು."

ಅಲ್ಲಿಂದ ನನ್ನ ಕೈ ಬಿದ್ದೋಯ್ತು ಬುಡಿ. ಮಿಕ್ಸಿಗೆ ಹಾಕಂಗಿಲ್ಲ, ಕುಟ್ಟೇ ಮಾಡ್ಬೇಕು. ಬೆಲ್ಲ ಕರಿದೇ ಬೇಕು. ಗೋಪುರ ಎತ್ರ ಸಾಲ್ದು, ಇನ್ನೊಂದು ಚೂರು. ಹಠ ಅವ್ರದು, ಒನಕೆ ನನ್ನ ಕೈಗೆ.

ಹಬ್ಬದ ಬೆಳಿಗ್ಗೆ ನಮ್ಮತ್ತೆ ಕಾಡು ಕಡೆಯಿಂದ ಹೊಳೆ ಕಡೆಗೆ, ಇಡೀ ಬೀದಿ ನೋಡ್ತಾ ಇರೋವಾಗ ನಡ್ಕಂಡು ಹೋದ್ರು. ತಟ್ಟೆ ನನ್ನ ಕೈಲಿ. ದೊಡ್ಡವ್ವನ ಜಗಲಿ ಮುಂದೆ ನಿಂತ್ರು. ಮೆಟ್ಲು ಎತ್ರ ಇತ್ತು, ಮಂಡಿ ಬಗ್ತಾ ಇರ್ಲಿಲ್ಲ. ಒಂದು ಕ್ಷಣ ನಂಗೆ ಭಯ ಆಯ್ತು, ವಾಪಸ್ ಹೊರಟ್ಬುಡ್ತಾರೇನೋ ಅಂತ. ದೊಡ್ಡವ್ವ ಮೇಲಿಂದ ಕೈ ಚಾಚಿದ್ರು. ನಮ್ಮತ್ತೆ ಆ ಕೈ ನೋಡಿದ್ರು, ಹಿಡ್ಕಂಡ್ರು, ಹತ್ತಿದ್ರು.

ದೊಡ್ಡವ್ವ ತಂಬಿಟ್ಟು ನೋಡಿ, "ಇಷ್ಟು ದೊಡ್ಡದಾ? ಕುತ್ಗೆ ಮುರ್ಕತೀಯ" ಅಂದ್ರು.

"ನಿನ್ನ ಕುತ್ಗೆ ಅಲ್ವಲ್ಲ."

ಅಷ್ಟೊತ್ಗೆ ಬಿಸ್ಲು ಬಂತು. ಜಗಲಿ ಮೇಲೆ, ಇಬ್ರ ಕಾಲ ಮೇಲೆ. ದೊಡ್ಡವ್ವನೇ ಕಡ್ಡಿ ಗೀರಿ ದೀಪ ಹಚ್ಚಿದ್ರು. ನಾನು ತಟ್ಟೆ ಎತ್ತಿ ನಮ್ಮತ್ತೆ ತಲೆ ಮೇಲೆ ಇಟ್ಟೆ. ತಮಟೆ ಶುರುವಾಯ್ತು. ನಮ್ಮತ್ತೆ ಬೀದಿಗೆ ಇಳುದ್ರು. ಹಿಂದೆ ಎರಡನೇ ತಟ್ಟೆ ದೊಡ್ಡವ್ವಂದು, ಅದ್ರ ಹಿಂದೆ ಊರೆಲ್ಲ.

ನಮ್ಮತ್ತೆ ನಡೀತಾವ್ರೆ, ಎಂಗೆ ಅಂತೀರಾ, ಒಂದು ಹೆಜ್ಜೆ ಇಟ್ಟು, ನಿಂತು, ಉಸ್ರು ಎಳ್ಕಂಡು, ಇನ್ನೊಂದು ಹೆಜ್ಜೆ. ಹಿಂದೆ ಸಾಲೆಲ್ಲ ಮುದ್ದೆ ಆಗಿ ನಿಂತದೆ. ದೊಡ್ಡವ್ವ ತಡ್ಕಳಕ್ಕಾಗ್ದೆ ಕೂಗುದ್ರು: "ಬ್ಯಾಗ ನಡಿಯೇ ಅಕ್ಕಯ್ಯ! ನಿನ್ನ ಹಿಂದೆ ಬಂದ್ರೆ ಗುಡಿ ಮುಟ್ಟೋ ಹೊತ್ಗೆ ದೀಪಾವಳಿ ಬತ್ತದೆ!"

ನಮ್ಮತ್ತೆ ಕತ್ತು ತಿರುಗುಸ್ಲಿಲ್ಲ. ದೀಪ ಅಲ್ಲಾಡ್ಬಾರ್ದಲ್ಲ. ಮುಂದಕ್ಕೆ ನೋಡ್ಕಂಡೇ ಹೇಳಿದ್ರು: "ಮೊದಲನೇ ತಟ್ಟೆ ಇಂಗೇ ಕಣಮ್ಮಿ ಹೋಗೋದು. ಇಷ್ಟು ವರ್ಷ ಓಡೋಡಿ ಹೋಗಿ ಕೆಡ್ಸಿಟ್ಟಿದ್ದೆ ನೀನು."

ನಮ್ಮ ಕಥೆ ಇದು. ನಿಮ್ಮೂರು ಎಲ್ಲಿಂದ ಎದ್ದು ಬಂದಿದ್ದು? ಮೊದ್ಲು ಬಂದೋರು ಎಲ್ಲಿ ದೊಣ್ಣೆ ಊರುದ್ರು, ಏನು ಎಡವಟ್ಟು ಮಾಡಿದ್ರು? ಇಲ್ದೇ ಇರೋ ಕೆರೆಗೋ ಮರಕ್ಕೋ ಇನ್ನೂ ದಾರಿ ತೋರುಸ್ತಾ ಇದ್ದೀರಾ? ಮನೇಲಿ ಹಿರೀಕ್ರು ಇದ್ರೆ ಇವತ್ತೇ ಕೂರ್ಸ್ಕಂಡು ಕೇಳಿ, ಕೆಳಗೆ ಬರೀರಿ. ಉದ್ದ ಆದ್ರೂ ಪರ್ವಾಗಿಲ್ಲ, ಒಂದೊಂದೂ ಓದ್ತೀನಿ. ನಮ್ಮತ್ತೆಗೂ ಓದಿ ಹೇಳ್ತೀನಿ.